ಹನ್ನೆರಡು ಪಟದ ಡಬ್ಬಿ

ಶ್ರೀರಂಗಪಟ್ಟಣದ ಕೋಟೆಯೊಳಗೆ ನಾವು ಬಾಡಿಗೆಗಿದ್ದ ದೊಡ್ಡ ಮನೆಯನ್ನು ಬಿಟ್ಟು ಪಾಂಡವಪುರದ ಎರಡು ಕೋಣೆಯ ಸಣ್ಣ ಮನೆಗೆ ಹೋಗುವುದೆಂದು ತೀರ್ಮಾನವಾದ ದಿನ ನನ್ನ ಮಗಳು ಒಂದೇ ಒಂದು ಷರತ್ತು ಹಾಕಿದಳು. "ಅಮ್ಮ, ಪಾತ್ರೆ ಪಡಗ ಎಷ್ಟು ಬೇಕಾದರೂ ತಗೊಂಡು ಹೋಗು. ಆ ಕ್ಯಾಮೆರಾ ಬೀರು ಮಾತ್ರ ಅರ್ಧ ಖಾಲಿಯಾಗಬೇಕು."

ಬೇರೆ ಹೆಂಗಸರ ಬೀರುವಿನಲ್ಲಿ ರೇಷ್ಮೆ ಸೀರೆಗಳಿರುತ್ತವೆ. ನನ್ನದರಲ್ಲಿ ಒಂದು ಯಾಶಿಕಾ, ಒಂದು ನಿಕಾನ್, ಅದಕ್ಕೆ ಮೂರು ಲೆನ್ಸು, ಎರಡು ಫ್ಲ್ಯಾಶು (ಒಂದು ಕೆಟ್ಟಿದೆ, ಯಾವುದೆಂಬುದು ನೆನಪಿಲ್ಲ), ಒಂದು ಕಾಲು ಕುಂಟುವ ಟ್ರೈಪಾಡು, ಎರಡು ಡಿಜಿಟಲ್ ಕ್ಯಾಮೆರಾ, ಯಾವುದು ಯಾವುದಕ್ಕೆ ಎಂದು ತಿಳಿಯದ ಚಾರ್ಜರುಗಳ ಒಂದು ಗಂಟು. ಗೆಳತಿಯರು ಬಂದಾಗ ಬೀರು ತೆರೆದರೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಇದು ಶೋಕಿಗೆ ಕೂಡಿಹಾಕಿದ್ದಲ್ಲ. 1993ರಲ್ಲಿ ಕೆಲಸಕ್ಕೆ ಸೇರಿ ಮಕ್ಕಳಿಗೆ ಇತಿಹಾಸ ಹೇಳಲು ನಿಂತಾಗ ನನಗೆ ಗೊತ್ತಾದ ಸಂಗತಿ ಎಂದರೆ, ಪಠ್ಯಪುಸ್ತಕದಲ್ಲಿ ತಾಜಮಹಲಿನ ಚಿತ್ರವಿದೆ, ಮಗುವಿನ ಊರ ಮುಂದೆ ಎಮ್ಮೆ ಕಟ್ಟುವ ವೀರಗಲ್ಲಿನ ಚಿತ್ರವಿಲ್ಲ. ಆ ಕಲ್ಲನ್ನೇ ಚಿತ್ರ ಹಿಡಿದು ತರಗತಿಯಲ್ಲಿ ತೋರಿಸಿದರೆ ಹುಡುಗರ ಕಣ್ಣು ಅರಳುತ್ತಿತ್ತು. "ಮಿಸ್, ಅದು ನಮ್ಮೂರುದ್ದು ಕಣ್ಮಿಸ್!" ಎಂದು ಕೂಗುತ್ತಿದ್ದರು.

ಹೀಗೆ ಶನಿವಾರ ಮಧ್ಯಾಹ್ನ, ಭಾನುವಾರ ನಾಲ್ಕು ತಾಲ್ಲೂಕು ಸುತ್ತಿದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ತಳಪಟ್ಟಿಕೆ, ನಾಗಮಂಗಲದ ಸೌಮ್ಯಕೇಶವ, ಮೇಲುಕೋಟೆಯ ಕಲ್ಯಾಣಿ, ಕಿಕ್ಕೇರಿಯ ಬ್ರಹ್ಮೇಶ್ವರ. ಕೈಯಲ್ಲಿ ಯಾಶಿಕಾ, ಚೀಲದಲ್ಲಿ ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಿಂದ ಬರೆದುಕೊಂಡ ಚೀಟಿ. ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಶಾಸನಗಳು ಅದರಲ್ಲಿವೆ, 1898ರಲ್ಲಿ ಅಚ್ಚಾದದ್ದು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಸ್ತಿಗಲ್ಲುಗಳು. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ಮಡಿಸಿದ ಮೊಣಕೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಗಂಡ ಕತ್ತಿ ಹಿಡಿದು ಪೂರ್ತಿಯಾಗಿ ನಿಂತಿದ್ದಾನೆ. ಹೆಂಡತಿಯದು ಮಾತ್ರ ತೋಳು.

ಚಿತ್ರ ಹಿಡಿಯುವುದು ಬರೀ ನೆನಪಿನ ವಿಷಯವಲ್ಲ ಎಂದು ಮಕ್ಕಳಿಗೆ ಹೇಳಬೇಕಾದಾಗ ಹೊಸ ಕನ್ನಂಬಾಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯ ಬರದ ವರ್ಷಗಳಲ್ಲಿ ತಲೆ ಎತ್ತುತ್ತಿತ್ತು. ಖೋಡೆ ಪ್ರತಿಷ್ಠಾನದವರು ಅದರ ಒಂದೊಂದು ಕಲ್ಲಿಗೂ ಗುರುತು ಹಾಕಿ, ಫೋಟೋ ತೆಗೆದು, ಬಿಚ್ಚಿ ತಂದು ದಡದಲ್ಲಿ ಮತ್ತೆ ಕಟ್ಟಿದರು. ಫೋಟೋ ಇಲ್ಲದಿದ್ದರೆ ಯಾವ ಕಲ್ಲು ಯಾವುದರ ಮೇಲೆ ಕೂತಿತ್ತು ಎಂದು ಹೇಳುವವರು ಯಾರು?

ಇರಲಿ. ಬೀರುವಿನ ಮಾತಿಗೆ ಬರುತ್ತೇನೆ. ನೆಲದ ಮೇಲೆ ಹಳೆಯ ಸೀರೆ ಹಾಸಿ ಮೂರು ರಾಶಿ ಮಾಡಿದೆ: ಶಾಲೆಗೆ ಕೊಡುವುದು, ಮಾರುವುದು, ಎಸೆಯುವುದು. ನಾಲ್ಕನೆಯ ರಾಶಿಗೆ ಅವಕಾಶವಿಲ್ಲ ಎಂದು ಮಗಳ ಕಟ್ಟಪ್ಪಣೆ. ಕಾವೇರಿ ಎರಡೂ ಕಡೆಯಿಂದ ತಬ್ಬಿಕೊಂಡಿರುವ ಊರಿನಲ್ಲಿ ಮೂವತ್ತು ವರ್ಷ ಕ್ಯಾಮೆರಾ ಇಟ್ಟರೆ ಏನಾಗಬೇಕೋ ಅದು ಆಗಿತ್ತು. ಮೂರು ಲೆನ್ಸಿನಲ್ಲಿ ಎರಡಕ್ಕೆ ಬೂಷ್ಟು. ಬೆಳಕಿಗೆ ಹಿಡಿದರೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ. ಮೈಸೂರಿನ ವ್ಯಾಪಾರಿಯೊಬ್ಬರು ಬಂದು ನಿಕಾನನ್ನು ಸಂತೋಷವಾಗಿಯೇ ಕೊಂಡರು. ಈಗಿನ ಹುಡುಗರಿಗೆ ರೀಲು ಕ್ಯಾಮೆರಾದ ಹುಚ್ಚು ಮತ್ತೆ ಹಿಡಿದಿದೆಯಂತೆ.

ಕೆಳಗಿನ ಅರೆಯ ಹಿಂದೆ, ಗೋಡೆಗೆ ಒತ್ತಿಕೊಂಡು, ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ಅದರೊಳಗೆ ಕಂದು ಚೀಲ, ಚೀಲದೊಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಕ್ಯಾಮೆರಾ. ವ್ಯಾಪಾರಿ ಎತ್ತಿ ನೋಡಿ, "ಇದು ಬೇಡ ಮೇಡಂ, ಆಟದ ಸಾಮಾನು. ಯಾರೂ ಕೊಳ್ಳಲ್ಲ" ಎಂದು ಕೆಳಗಿಟ್ಟರು.

ಅದು ಅವ್ವನ ಆಗ್ಫಾ ಕ್ಲಿಕ್ ಥ್ರೀ.

ಈ ಪುಸ್ತಕ ಓದುತ್ತಿರುವವರಲ್ಲಿ ಐವತ್ತು ದಾಟಿದವರಿಗೆ ಈ ಹೆಸರು ಕೇಳಿದೊಡನೆ ಯಾರದೋ ಮನೆಯ ಅಂಗಳ, ಸಾಲಾಗಿ ನಿಂತ ಮಕ್ಕಳು ನೆನಪಾದರೆ ಆಶ್ಚರ್ಯವಿಲ್ಲ. ಜರ್ಮನಿಯ ಆಗ್ಫಾ ಕಂಪನಿ 1950ರ ದಶಕದ ಕೊನೆಯಲ್ಲಿ ಹೊರತಂದ ಕ್ಲಿಕ್ ಕ್ಯಾಮೆರಾದ ಭಾರತೀಯ ತಂಗಿ ಇದು. ತಯಾರಾಗುತ್ತಿದ್ದುದು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸಿನಲ್ಲಿ. ಇದರಷ್ಟು ಸರಳವಾದ ಯಂತ್ರ ಅಡುಗೆಮನೆಯಲ್ಲೂ ಸಿಗಲಾರದು. ದೂರ ಹೊಂದಿಸುವಂತಿಲ್ಲ, ವೇಗ ಬದಲಿಸುವಂತಿಲ್ಲ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು, ಬಿಸಿಲಿನಲ್ಲಿ ಆಕಾಶದ ಮೋಡ ಎದ್ದುಕಾಣಬೇಕಾದರೆ ಹಳದಿ ಗಾಜಿಗೆ ಇನ್ನೊಂದು. ಹತ್ತು ಅಡಿಯಿಂದ ಆಚೆಗಿನದೆಲ್ಲ ಹೆಚ್ಚುಕಡಿಮೆ ಸ್ಪಷ್ಟವಾಗಿ ಬರುತ್ತಿತ್ತು. ಒಂದು ರೀಲಿಗೆ ಹನ್ನೆರಡು ಚಿತ್ರ, ಚೌಕದವು. ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಟಕಿ. ಕಿವಿ ತಿರುಗಿಸುತ್ತಾ ಹೋದರೆ ಕಾಗದದ ಮೇಲಿನ ಅಂಕಿ ಅಲ್ಲಿ ಬಂದು ನಿಲ್ಲುತ್ತದೆ. ತಿರುಗಿಸಲು ಮರೆತರೆ ಒಂದೇ ಚಿತ್ರದ ಮೇಲೆ ಇನ್ನೊಂದು ಬೀಳುತ್ತದೆ, ಯಂತ್ರ ಬೇಡವೆನ್ನುವುದಿಲ್ಲ. ನಮ್ಮ ಆಲ್ಬಮ್ಮಿನಲ್ಲಿ ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ನನ್ನ ಸೋದರಮಾವನ ಹೊಸ ಸ್ಕೂಟರು ನಿಂತಿರುವುದು ಹಾಗೆಯೇ.

1972ರಲ್ಲಿ ಅಪ್ಪ ಹಬ್ಬದ ಮುಂಗಡದ ಹಣದಲ್ಲಿ ಇದನ್ನು ಮೈಸೂರಿನಿಂದ ತಂದರು. ಆಗ ಅವರು ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿದ್ದರು. ಅಪ್ಪನಿಗೆ ಫೋಟೋ ತೆಗೆಯುವುದಕ್ಕಿಂತ ಫೋಟೋದಲ್ಲಿ ನಿಲ್ಲುವುದು ಇಷ್ಟ. ಹಾಗಾಗಿ ಕ್ಯಾಮೆರಾ ತಾನಾಗಿಯೇ ಅವ್ವನ ಕೈಗೆ ಬಂತು. ನೆರೆಯವರು "ಏನಕ್ಕ, ಪಟ ಹಿಡಿಯೋ ಡಬ್ಬಿ ತಂದಿದ್ದೀರಂತೆ" ಎಂದು ಬರುತ್ತಿದ್ದರಂತೆ. ಅವ್ವ ಏಳನೆಯ ತರಗತಿ ಓದಿದವಳು. ಆದರೆ ರೀಲು ಹಾಕುವುದನ್ನು ನೆರಳಿನಲ್ಲಿ ಕೂತು, ಸೆರಗು ಮುಚ್ಚಿ, ಎಷ್ಟು ನಾಜೂಕಾಗಿ ಮಾಡುತ್ತಿದ್ದಳೆಂದರೆ ನನಗೆ ಇವತ್ತಿಗೂ ಆ ನಾಜೂಕು ಬಂದಿಲ್ಲ.

ಮನೆಯಲ್ಲಿ ಅವ್ವನಿಗೆ ಒಂದು ಕೆಟ್ಟ ಹೆಸರಿತ್ತು: ತಲೆ ಕಡಿಯುವವಳು. ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ನೆತ್ತಿ ಇರುತ್ತಿರಲಿಲ್ಲ. ಚಿಕ್ಕಪ್ಪಂದಿರು, "ಅತ್ತಿಗೆ, ಈ ಸಲವಾದರೂ ಕತ್ತಿನ ಮೇಲೆ ಏನಾದರೂ ಉಳಿಸಿ" ಎನ್ನುತ್ತಿದ್ದರು. ಎಲ್ಲರೊಂದಿಗೆ ನಾನೂ ನಕ್ಕಿದ್ದೇನೆ. ನಾನು ಸ್ವತಃ ಕ್ಯಾಮೆರಾ ಹಿಡಿದು ವರ್ಷಗಳಾದ ಮೇಲೆ ಕಾರಣ ಹೊಳೆಯಿತು. ಕ್ಲಿಕ್ಕಿನಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಲೆನ್ಸಿಗಿಂತ ಮೇಲಿದೆ. ದೂರದ ವಸ್ತುವಾದರೆ ವ್ಯತ್ಯಾಸವಿಲ್ಲ. ಹತ್ತಿರ ಬಂದರೆ ಕಿಂಡಿ ಕಾಣುವುದೊಂದು, ಅದರ ಕೆಳಗಿರುವ ಲೆನ್ಸು ಕಾಣುವುದು ಇನ್ನೊಂದು. ಅವ್ವನ ಕಣ್ಣಿಗೆ ತಲೆ ಪೂರ್ತಿಯಾಗಿಯೇ ಇತ್ತು. ಇದನ್ನು ಅವಳಿಗೆ ಹೇಳಬೇಕೆಂದುಕೊಂಡು ಹೇಳದೆಯೇ ಉಳಿದೆ.

ಹೆಂಗಸರ ಕೈಗೆ ಕ್ಯಾಮೆರಾ ಬಂದ ಕಥೆ ದೊಡ್ಡದು. ಅಮೆರಿಕದ ಕೊಡಕ್ ಕಂಪನಿ 1900ರಲ್ಲಿ ಒಂದು ಡಾಲರಿಗೆ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಮಾರಿತು. ಅವ್ವನ ಕ್ಲಿಕ್ಕಿಗೆ ಹಾಕುವ 120 ಅಳತೆಯ ರೀಲು ಹುಟ್ಟಿದ್ದೂ ಮರುವರ್ಷ, ಇನ್ನೊಂದು ಬ್ರೌನಿಗಾಗಿ. ಅದಕ್ಕೂ ಮೊದಲಿನಿಂದಲೇ ಅವರ ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದ ಯುವತಿಯೊಬ್ಬಳು ಇರುತ್ತಿದ್ದಳು. ಇಷ್ಟು ಸುಲಭ, ಹೆಂಗಸೂ ಮಾಡಬಹುದು ಎಂಬುದು ಅದರ ಒಳದನಿ. ಮನೆಯ ನೆನಪು ಕಾಯುವ ಕೆಲಸವನ್ನೂ ನಮ್ಮ ತಲೆಗೇ ಕಟ್ಟಿದ ಜಾಣತನ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಕೈಗೆ ಬಂದದ್ದಂತೂ ನಿಜ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ, ಗಾಂಧೀಜಿ, ನೆಹರೂ ಅವರನ್ನೆಲ್ಲ ಚಿತ್ರ ಹಿಡಿದಾಕೆ, 1970ರ ಸುಮಾರಿಗೆ ಕ್ಯಾಮೆರಾ ಕೆಳಗಿಟ್ಟು, ಕೊನೆಯ ದಿನಗಳನ್ನು ಕಳೆದದ್ದು ಈ ಕ್ಲಿಕ್ ತಯಾರಾದ ಬರೋಡಾದಲ್ಲೇ. ತೀರಿಕೊಂಡದ್ದು 2012ರಲ್ಲಿ.

ನಮ್ಮ ಸೀಮೆಯ ಚಿತ್ರಗಳ ಚರಿತ್ರೆಯಲ್ಲಿ ನನಗೆ ಸಿಕ್ಕ ಹೆಸರುಗಳೆಲ್ಲ ಬೇರೆ ಥರದವು. 1791-92ರಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದ ರಾಬರ್ಟ್ ಹೋಮ್ ಶ್ರೀರಂಗಪಟ್ಟಣವನ್ನು ಬರೆದ. ಆ ಚಿತ್ರಗಳ ಪುಸ್ತಕ 1794ರಲ್ಲಿ ಹೊರಬಂತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳಲ್ಲಿ ದೊಡ್ಡ ಪೆಟ್ಟಿಗೆ ನಿಲ್ಲಿಸಿ ಕಾಗದದ ನೆಗೆಟಿವಿನಲ್ಲಿ ಚಿತ್ರ ಹಿಡಿದ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ ದೊಡ್ಡ ಛಾಯಾಚಿತ್ರ ಸಂಪುಟವೇ ಬಂತು. ಕೋಟೆ, ಗುಡಿ, ಕಂಬ. ನಡುವೆ ಎಲ್ಲಾದರೂ ಒಬ್ಬ ಆಳು ನಿಂತಿದ್ದರೆ ಅವನು ಕಂಬ ಎಷ್ಟು ಎತ್ತರವೆಂದು ತೋರಿಸಲು ನಿಂತವನು. ನಮ್ಮ ಹಿತ್ತಲು, ಬಚ್ಚಲ ಒಲೆ, ಹಪ್ಪಳ ಒಣಹಾಕಿದ ಮಂಚ ಯಾರಿಗೂ ಕಂಡಿಲ್ಲ.

ಹೆಂಗಸರ ಚಿತ್ರ ಬೇಕೆಂದರೆ ಸ್ಟುಡಿಯೊಗೆ ಹೋಗಬೇಕಿತ್ತು. ಹೋಗುತ್ತಿದ್ದುದು ಯಾವಾಗ? ಗಂಡಿನವರಿಗೆ ತೋರಿಸಲು ಒಮ್ಮೆ, ಮದುವೆಯಾದ ಮೇಲೆ ಜೋಡಿಯಾಗಿ ಒಮ್ಮೆ. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿ ಕಡ್ಡಾಯವೆಂದು ಹೊರಟಾಗ ಹಳ್ಳಿಗಳಲ್ಲಿ ಆ ಕೆಲಸಕ್ಕೆ ನಮ್ಮಂಥ ಮೇಷ್ಟರುಗಳನ್ನೂ ಹಾಕಿದ್ದರು. ಕೃಷ್ಣರಾಜಪೇಟೆ ಕಡೆಯ ಊರೊಂದರಲ್ಲಿ ಅರವತ್ತು ದಾಟಿದ ಅಜ್ಜಿಯೊಬ್ಬರು ಕುರ್ಚಿಯ ಮುಂದೆ ನಿಂತು, "ನಾನೊಬ್ಬಳೇ ಕೂರ್ಬೇಕೇನವ್ವ?" ಎಂದು ಕೇಳಿದ್ದು ನೆನಪಿದೆ. ಅದು ಅವರ ಬದುಕಿನ ಮೊದಲ ಚಿತ್ರ.

ಇದರ ನಡುವೆ ನಮ್ಮ ಹಳೆಯ ಮೈಸೂರು ಸೀಮೆಯ ಹೆಣ್ಣುಮಕ್ಕಳಿಗೆ ಒಂದು ವಿಶೇಷ ಭಾಗ್ಯವಿತ್ತು. ಅದು ಮೊಗ್ಗಿನ ಜಡೆಯ ಫೋಟೋ. ಬೇಸಿಗೆಯಲ್ಲಿ ಮಲ್ಲಿಗೆ ಅಗ್ಗವಾದಾಗ ಬೆಳಗ್ಗೆಯಿಂದ ಕೂತು ಮೊಗ್ಗು ಆಯ್ದು, ಬಾಳೆಪಟ್ಟೆಗೆ ಒಂದೇ ಅಳತೆಯಲ್ಲಿ ಹೊಲಿದು, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ತಲೆಗೆ ರಾಗಟೆ, ತುದಿಗೆ ಕುಚ್ಚು. ಕತ್ತು ಅಲ್ಲಾಡಿಸುವಂತಿಲ್ಲ. ಮೊಗ್ಗು ಅರಳಿದರೆ ಕೆಲಸ ಕೆಟ್ಟಿತು, ಅಷ್ಟರೊಳಗೆ ಸ್ಟುಡಿಯೊ ಸೇರಬೇಕು. ಜಡೆ ಬೆನ್ನ ಮೇಲೆ, ಮುಖ ಮುಂದೆ. ಎರಡೂ ಒಂದೇ ಚಿತ್ರದಲ್ಲಿ ಬರಬೇಕಲ್ಲ? ಅದಕ್ಕೇ ಸ್ಟುಡಿಯೊದವರು ಹುಡುಗಿಯ ಹಿಂದೆ ನಿಲುವುಗನ್ನಡಿ ಇಡುತ್ತಿದ್ದರು. ಅದನ್ನು ಸ್ವಲ್ಪ ಓರೆಯಾಗಿಡುವುದು ಅವರ ಗುಟ್ಟು. ನೇರವಾಗಿಟ್ಟರೆ ಕ್ಯಾಮೆರಾ ಮತ್ತು ಅದರ ಹಿಂದೆ ನಿಂತ ಮನುಷ್ಯನೂ ಕನ್ನಡಿಯಲ್ಲಿ ಬಂದುಬಿಡುತ್ತಾರೆ.

1979ರ ಬೇಸಿಗೆ. ಅಪ್ಪನಿಗೆ ಕೆ.ಆರ್. ಪೇಟೆಗೆ ವರ್ಗವಾಗಿ ಮೂರು ವರ್ಷವಾಗಿತ್ತು, ನನಗೆ ಒಂಬತ್ತು. ತಿಂಗಳ ಕೊನೆ, ಸ್ಟುಡಿಯೊಗೆ ದುಡ್ಡಿಲ್ಲ. ಅವ್ವನ ಡಬ್ಬಿಯಲ್ಲಿ ಮಾತ್ರ ಎರಡು ಪಟ ಉಳಿದಿತ್ತು. "ನಾನೇ ಹಿಡೀತೀನಿ ಬಾ" ಎಂದಳು. ಕ್ಲಿಕ್ಕಿಗೆ ಮನೆಯೊಳಗಿನ ಬೆಳಕು ಸಾಲದು. ಮನೆ ಒಡೆಯರ ಮರದ ಚೌಕಟ್ಟಿನ ದೊಡ್ಡ ಕನ್ನಡಿಯನ್ನು ಇಬ್ಬರು ಹುಡುಗರಿಂದ ಹೊರಿಸಿ ಹಿತ್ತಲ ಗೋಡೆಗೆ ಒರಗಿಸಿದಳು. ಅದರ ಮುಂದೆ ನನಗೆ ಮಣೆ. ಅಲ್ಲಿಂದ ಹೆಜ್ಜೆ ಎಣಿಸುತ್ತಾ ಹಿಂದೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಳು. ಇಷ್ಟು ನನಗೆ ನೆನಪಿತ್ತು. ಆಲ್ಬಮ್ಮಿನಲ್ಲಿರುವ ಆ ಚಿತ್ರವೂ ಕಣ್ಣಿಗೆ ಕಟ್ಟಿದಂತಿತ್ತು: ಬಿಗುಮಾನದ ಮುಖದ ನಾನು, ಹಿಂದೆ ಕನ್ನಡಿಯಲ್ಲಿ ಜಡೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಕ್ಯಾಮೆರಾದ ಕೆಳಗೆ ನೆಗೆಟಿವ್‌ಗಳ ಕಾಗದದ ಕವರುಗಳಿದ್ದವು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಅವ್ವನ ದುಂಡು ಅಕ್ಷರ. "ನಾಗಮಂಗಲ. ಮಗು ನಿಂತದ್ದು." "ಬಾವಿ ಕಟ್ಟೆ. ಜಯಮ್ಮನೋರು." ತಾರೀಖು ಎಲ್ಲೂ ಇಲ್ಲ, ಮಗು ನಿಂತದ್ದು ಎಂದ ಮೇಲೆ ವರ್ಷ ಯಾರಿಗೆ ಬೇಕು? "ಪೇಟೆ. ಜಡೆ" ಎಂಬ ಕವರಿನಲ್ಲಿ ಎರಡು ನೆಗೆಟಿವ್. ಮಗಳು ಕಂಪ್ಯೂಟರಿನ ಬಿಳಿ ಪರದೆಯ ಮೇಲೆ ಅದನ್ನಿಟ್ಟು, ಫೋನಿನಲ್ಲಿ ಫೋಟೋ ತೆಗೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡಿದಳು. ಬೆಳ್ಳಿಯ ಚಿತ್ರ ನಾಲ್ಕೂವರೆ ದಶಕವಾದರೂ ಮಾಸಿರಲಿಲ್ಲ.

"ಅಮ್ಮ, ಇದ್ಯಾರು?" ಎಂದಳು.

ಕನ್ನಡಿಯಲ್ಲಿ ನನ್ನ ಜಡೆಯ ಪಕ್ಕದಲ್ಲಿ ಒಬ್ಬಳು ಹೆಂಗಸು ನಿಂತಿದ್ದಾಳೆ. ಚೌಕಳಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಎರಡೂ ಮೊಣಕೈ ಮಡಿಸಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದಾಳೆ. ಗಾಜಿನ ಬಳೆಗಳು ಒಂದೊಂದಾಗಿ ಎಣಿಸಬಹುದು. ಮುಖ ಇಲ್ಲ, ಮುಖದ ಜಾಗದಲ್ಲಿ ಕ್ಯಾಮೆರಾ. ಹತ್ತಿರವಿದ್ದ ನನ್ನ ಮುಖ ಕೊಂಚ ಮಸುಕು, ಕನ್ನಡಿಯ ಆಳದಲ್ಲಿದ್ದ ಅವಳು ಸ್ಪಷ್ಟ.

ಆಲ್ಬಮ್ ತಂದು ನೋಡಿದೆವು. ಆಗಿನ ಪ್ರಿಂಟುಗಳ ಅಂಚು ಗರಗಸದ ಹಲ್ಲಿನಂತಿರುತ್ತಿತ್ತು. ಈ ಚಿತ್ರಕ್ಕೆ ಮೂರು ಕಡೆ ಹಲ್ಲು, ಒಂದು ಕಡೆ ನೇರ ಗೆರೆ. ಗೆರೆ ಸ್ವಲ್ಪ ಸೊಟ್ಟ.

ಕತ್ತರಿಸಿದ್ದು ನಾನೇ. ನೋಡಿದೊಡನೆ ನೆನಪಾಯಿತು, ಇಷ್ಟು ವರ್ಷ ಎಲ್ಲಿತ್ತೋ. ಚಿತ್ರವನ್ನು ಶಾಲೆಗೆ ಒಯ್ದಿದ್ದೆ. ಗೆಳತಿಯೊಬ್ಬಳು, "ನಿನ್ನ ಹಿಂದೆ ಅದ್ಯಾರೇ, ಮುಖ ಇಲ್ಲದ ದೆವ್ವ?" ಎಂದಳು. ಎಲ್ಲರೂ ನಕ್ಕರು. ಮನೆಗೆ ಬಂದವಳೇ ಅವ್ವ ರವಿಕೆ ಬಟ್ಟೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಆ ಪಕ್ಕವನ್ನು ತೆಗೆದುಹಾಕಿದೆ. ಅವ್ವ ಒಳಗಿನಿಂದ ಬಂದು ನೋಡಿದಳು. ಬೈಯಲಿಲ್ಲ. ಕೆಳಗೆ ಬಿದ್ದಿದ್ದ ಚೂರನ್ನು ಎತ್ತಿಕೊಂಡಳು. "ಚೆಂದಾಗದೆ ಬುಡು, ಈಗ ಜಡೆ ಒಂದೇ ಕಾಣ್ತದೆ" ಎಂದಳು.

ಆ ಚೂರನ್ನು ಡಬ್ಬಿಯಲ್ಲಿ ಹುಡುಕಿದೆ. ಇರಲಿಲ್ಲ.

ಆ ಕವರಿನ ಆಮೇಲಿನವು ಎರಡೇ, ಎರಡೂ ಪಾಂಡವಪುರದವು. ಅಲ್ಲಿಗೆ ವರ್ಗವಾದದ್ದು 1981ರಲ್ಲಿ. ರೀಲಿನ ಬೆಲೆ ಏರಿದ್ದು ನಿಜ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ರೀಲು (ಚಂದ್ರ ಎಂದು ಅರ್ಥ, ನಾನು ಬಹಳ ದಿನ 'ಇವತ್ತು' ಎಂದೇ ಅಂದುಕೊಂಡಿದ್ದೆ) ನಮ್ಮೂರಿನಲ್ಲಿ ಒಮ್ಮೊಮ್ಮೆ ಸಿಗುತ್ತಿರಲಿಲ್ಲ, ಅದೂ ನಿಜ. ತಮ್ಮನಿಗೆ ಕಾಯಿಲೆಯಾದದ್ದೂ ಆ ವರ್ಷವೇ. ಒಬ್ಬಳು ಹೆಂಗಸು ತನ್ನ ಕೈಯ ವಸ್ತುವನ್ನು ಕೆಳಗಿಡಲು ಕಾರಣಗಳಿಗೆ ಬರವೇ? ಅವುಗಳಲ್ಲಿ ನನ್ನ ಕತ್ತರಿಯೂ ಒಂದೇ ಎಂದು ಕೇಳಬೇಕಿತ್ತು. ಅವ್ವ ತೀರಿಕೊಂಡು ಆರು ವರ್ಷವಾಯಿತು. ಅವಳ ಮೂವತ್ತರ ಪ್ರಾಯದ ಚಿತ್ರ ನಮ್ಮಲ್ಲಿ ಬೇರೆ ಇಲ್ಲ. ಇರುವುದು ಇದೊಂದೇ.

ಹಳೆಯ ಹೆಸರು ಅಳಿಸಿಹೋಗುವುದು ಇತಿಹಾಸದಲ್ಲಿ ಹೊಸದಲ್ಲ. ಹೈದರ್, ಟಿಪ್ಪು ಕಾಲದ ಫ್ರೆಂಚ್ ದಂಡಿನಿಂದ ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡಿದ್ದ ಊರು ಪಾಂಡವಪುರವಾಯಿತು, ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು. ಅದನ್ನೆಲ್ಲ ಕರಿಹಲಗೆಯ ಮೇಲೆ ಸಲೀಸಾಗಿ ಬರೆಯುತ್ತೇನೆ. ಈ ಸೊಟ್ಟ ಗೆರೆಯನ್ನು ಮಾತ್ರ ಬೆರಳಿನಿಂದ ಸವರಿ ಸವರಿ ನೋಡುತ್ತಾ ಕೂತೆ.

ಯಾಶಿಕಾ, ಟ್ರೈಪಾಡು, ಒಂದು ಡಿಜಿಟಲ್ ಕ್ಯಾಮೆರಾ ಶಾಲೆಗೆ ಹೋದವು. ಮಿಕ್ಕದ್ದು ಮಾರಿ, ಎಸೆದು, ಬೀರು ಅರ್ಧವಲ್ಲ, ಪೂರ್ತಿಯೇ ಖಾಲಿಯಾಯಿತು. ವಸ್ತುಗಳನ್ನು ಕಳೆದುಕೊಳ್ಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯನ್ನು ಮಗಳೇ ತನ್ನ ಕೈಯಲ್ಲಿ ಹಿಡಿದು ಹೊಸ ಮನೆಗೆ ತಂದಳು.

120 ಅಳತೆಯ ರೀಲು ಇಂದಿಗೂ ತಯಾರಾಗುತ್ತದೆ. ಬೆಂಗಳೂರಿನಿಂದ ಒಂದು ತರಿಸಿ, ನೆರಳಿನಲ್ಲಿ ಕೂತು, ಸೆರಗು ಮುಚ್ಚಿ ಹಾಕಿದೆ. ಬೆರಳು ನಡುಗಿತು. ಕಿವಿ ತಿರುಗಿಸಿದರೆ ಕೆಂಪು ಕಿಟಕಿಯಲ್ಲಿ ಒಂದು ಬಂದು ನಿಂತಿತು. ಗುಂಡಿ ಒತ್ತಿದರೆ ಅದೇ ಸದ್ದು, ಟಕ್, ಅಡಕತ್ತರಿಯಲ್ಲಿ ಅಡಿಕೆ ಒಡೆದಂತೆ. ಕೆ.ಆರ್. ಪೇಟೆಗೆ ಹೋಗಿ ಆ ಮನೆಯನ್ನು ಹುಡುಕಿದೆ. ಮನೆಯಿದ್ದ ಜಾಗದಲ್ಲಿ ಮೂರು ಅಂಗಡಿ, ಹಿತ್ತಲಿದ್ದ ಜಾಗದಲ್ಲಿ ಗೋದಾಮು. ಗೋದಾಮಿನ ಗೋಡೆಯನ್ನೇ ಒಂದು ಚಿತ್ರ ತೆಗೆದುಕೊಂಡೆ. ಹಮಾಲಿಯೊಬ್ಬರು, "ಈ ಗ್ವಾಡೇಲಿ ಏನೈತೆ ಅಂತ ಹಿಡೀತೀರಮ್ಮ?" ಎಂದು ನಕ್ಕರು. ಮಗಳನ್ನು ಹೊಸ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಹತ್ತು ಅಡಿ ಅಳೆದು, ಇನ್ನೊಂದು ಅಡಿ ಹಿಂದೆ ಸರಿದು ಎರಡು. ಆಮೇಲೆ ಕ್ಯಾಮೆರಾ ಅವಳ ಕೈಗೆ ಕೊಟ್ಟೆ. ನನ್ನದನ್ನು ಅವಳು ತೆಗೆದಳು.

ಕೆಂಪು ಕಿಟಕಿಯಲ್ಲಿ ಈಗ ಎಂಟು ಕಾಣುತ್ತಿದೆ. ಇನ್ನೂ ಐದು ಪಟ ಉಳಿದಿವೆ.